ಎಂಟನೇ ಪುಟದ ಚೌಕ

ನಮ್ಮ ಲೈನಿನ ಮುದುಕರಲ್ಲಿ ಕನ್ನಡ ಅಕ್ಷರ ಗೊತ್ತಿರುವುದು ನನಗೊಬ್ಬಳಿಗೇ. ಹೆಮ್ಮೆಗೆ ಹೇಳುತ್ತಿಲ್ಲ. ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದೆ, ಆಮೇಲೆ ಎಮ್ಮೆಗಳ ಹಿಂದೆ ಕಳಿಸಿದರು. ದೊಡ್ಡವಳಾದ ಮೇಲೆ ಚಿನ್ನದ ಗಣಿಯ ಕೆಲಸದವನಿಗೆ ಕೊಟ್ಟು ಇಲ್ಲಿಗೆ, ಕೋರಮಂಡಲಿಗೆ ಕಳಿಸಿದರು. ಲೈನು ಎಂದರೆ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಪಕ್ಕದವರು ಕೆಮ್ಮಿದರೆ ಈ ಕಡೆ ಕೇಳಿಸುವ ಗೋಡೆ.

ಸುತ್ತ ಎಲ್ಲ ತಮಿಳಿನವರು. ನಡುವೆ ಎರಡು ಮೂರು ತೆಲುಗಿನ ಮನೆ. ನಾನು ಬಂದ ಆರು ತಿಂಗಳಿಗೆ ತಮಿಳು ನನ್ನ ಬಾಯಿಗೆ ಬಂತು, ಕಣ್ಣಿಗೆ ಮಾತ್ರ ಇವತ್ತಿಗೂ ಬಂದಿಲ್ಲ. ಅವರಿಗೂ ಹಾಗೆಯೇ. ಬಸ್ಸಿನಲ್ಲಿ, ಸಂತೆಯಲ್ಲಿ ಕನ್ನಡ ಕೇಳಿ ಕೇಳಿ ಕಿವಿಗೆ ಹತ್ತಿತು, ಓದಲು ಬರಲಿಲ್ಲ. ಬಾಯಲ್ಲಿ ಹೇಳಿದರೆ ಯಾವ ಭಾಷೆಯಾದರೂ ನಮ್ಮಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಕಾಗದದಲ್ಲಿ ಬಂದರೆ ಒಬ್ಬೊಬ್ಬರು ಒಂದೊಂದು ಕಡೆ ಕುರುಡರು. ಶಾಲೆಯಲ್ಲಿ ಕನ್ನಡ ಕಲಿತ ಹುಡುಗ ಹುಡುಗಿಯರು ಇದ್ದಾರೆ. ಅವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಅವರಿಗೆ ಮುದುಕರ ಪೇಪರು ಓದಿ ಹೇಳಲು ಪುರುಸೊತ್ತಿಲ್ಲ.

ಲೈನಿನ ಕೊನೆಯಲ್ಲಿ ಟೀ ಅಂಗಡಿ. ಅಲ್ಲಿಗೆ ಒಂದು ತಮಿಳು ಪೇಪರು, ಒಂದು ಕನ್ನಡ ಪೇಪರು ಬರುತ್ತದೆ. ತಮಿಳಿನದನ್ನು ಹಳೆಯ ಮೇಸ್ತ್ರಿ ಒಬ್ಬ ಗಟ್ಟಿಯಾಗಿ ಓದುತ್ತಾನೆ, ಸುತ್ತ ಹತ್ತು ಜನ ಕೂತು ಕೇಳುತ್ತಾರೆ. ಅದರಲ್ಲಿ ಚೆನ್ನೈ ಸುದ್ದಿ, ಮಧುರೆ ಸುದ್ದಿ, ಯಾವುದೋ ಅಣೆಕಟ್ಟಿಗೆ ನೀರು ಬಂದ ಸುದ್ದಿ. ನಮ್ಮ ಊರಿನದು ಬರುವುದು ಅಪರೂಪ. ಟೀವಿಯೂ ಹಾಗೆಯೇ. ಮನೆಮನೆಯಲ್ಲೂ ತಮಿಳು ಚಾನೆಲ್ಲು. ನನ್ನ ಪಕ್ಕದ ಮನೆಯವಳು ಒಂದು ಸಲ ಟೀವಿಯಲ್ಲಿ ದೊಡ್ಡ ಮಳೆ ಬರುತ್ತದೆ ಎಂದು ಕೇಳಿ, ಒಣ ಹಾಕಿದ್ದ ಸಂಡಿಗೆಯನ್ನೆಲ್ಲ ಗಡಿಬಿಡಿಯಲ್ಲಿ ಒಳಗೆ ಎಳೆದುಕೊಂಡಳು. ಹೊರಗೆ ತಲೆ ಸುಡುವ ಬಿಸಿಲು.

"ಏನೇ, ಬಿಸಿಲಿಗೆ ಎದ್ರಿ ಸಂಡಿಗೆ ಎತ್ತಿಡ್ತೀಯ?" ಎಂದೆ.

"ಟೀವಿಯಲ್ಲಿ ಹೇಳಿದರಲ್ಲ ಅಕ್ಕಾ, ಇಸ್ಕೂಲಿಗೆಲ್ಲ ರಜಾ ಅಂತೆ."

"ಅದು ಚೆನ್ನೈಗೆ ಕಣೇ. ಮೋಡ ಅಲ್ಲಿಂದ ಇಲ್ಲಿಗೆ ನಿನ್ನ ಸಂಡಿಗೆ ನೋಡಾಕೆ ಬತ್ತದಾ?"

ಅವಳು ನಕ್ಕು ಮತ್ತೆ ಹರಡಿದಳು. ಅವಳು ಆಡುತ್ತಿದ್ದುದು ತಮಿಳು. ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಮ್ಮಿಬ್ಬರದು ನಲವತ್ತು ವರ್ಷಕ್ಕೂ ಮೀರಿದ ಪಕ್ಕದ ಗೋಡೆ. ಅವಳು ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಮೊದಲು ಎರಡು ಮನೆಗೂ ಸೇರಿ ಅವಳ ಗಂಡ ತಂದ ಒಂದೇ ರೇಡಿಯೋ ಇತ್ತು. ತಮಿಳು ಹಾಡು ಮುಗಿದ ಮೇಲೆ ನನಗೆಂದು ಮುಳ್ಳು ತಿರುಗಿಸಿ ಬೆಂಗಳೂರು ಸ್ಟೇಷನ್ನಿನ ಕನ್ನಡ ವಾರ್ತೆ ಹಾಕುತ್ತಿದ್ದ. ಇಬ್ಬರ ಗಂಡಂದಿರೂ ಗಣಿಯ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತರು. ಅವನು ಮೊದಲು, ನನ್ನವನು ಆಮೇಲೆ. ಗಣಿ ಮುಚ್ಚಿ ಬಹಳ ವರ್ಷವಾಯಿತು. ಕೆಲಸ ಹೋಯಿತು, ಮನೆಗಳಲ್ಲಿ ನಾವು ಉಳಿದೆವು. ಈ ಮನೆಗಳನ್ನು ನಮ್ಮ ಹೆಸರಿಗೆ ಬರೆದುಕೊಡುತ್ತಾರೆ ಎಂಬ ಮಾತು ಅವತ್ತಿನಿಂದ ಇದೆ. ಓಟು ಬಂದಾಗಲೆಲ್ಲ ಬರುತ್ತದೆ, ಓಟು ಮುಗಿದ ಮೇಲೆ ಹೋಗುತ್ತದೆ.

ಹೋದ ವರ್ಷ ಅವಳ ಮೊಮ್ಮಗಳು ಹೆರಿಗೆಗೆ ಬಂದಳು. ಬಂದದ್ದು ಇಲ್ಲಿಗಲ್ಲ, ಜೋಲಾರ್‌ಪೇಟೆಯಲ್ಲಿರುವ ಇವಳ ಮಗಳ ಮನೆಗೆ. ಅಲ್ಲಿ ಬಾಣಂತನಕ್ಕೆ ಕೈ ಬೇಕೆಂದು ಇವಳನ್ನು ಕರೆಸಿದರು. ಹೊರಡುವ ದಿನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟಳು.

"ಅಕ್ಕಾ, ದಿನಾ ಪೇಪರು ನೋಡುತ್ತಿರು. ಮನೆ ವಿಷಯ ಏನಾದರೂ ಬಂದರೆ ತಕ್ಷಣ ಫೋನು ಮಾಡು. ಈ ಸಲ ನಿಜವಾಗಿಯೂ ಕೊಡುತ್ತಾರೆ ಅಂತಾರೆ."

"ಓಗಿ ಬಾ. ನಾನಿಲ್ವಾ? ಬಂದ್ರೆ ನಿಂಗೇ ಮೊದಲು ಯೋಳ್ತೀನಿ."

ಅಷ್ಟೇ ಮಾತು. ನಾನು ಪೇಪರು ನೋಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಟೀ ಅಂಗಡಿಯವನು ಕನ್ನಡ ಪೇಪರನ್ನು ಯಾರೂ ಮುಟ್ಟುವುದಿಲ್ಲವೆಂದು ಮಡಿಕೆಯೂ ಕೆಡದಂತೆ ನನಗೆ ಎತ್ತಿಡುತ್ತಿದ್ದ. ನಾನು ಹೋಗಿ ತಂದು, ಬಾಗಿಲ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ.

ನಾನು ಹೇಗೆ ನೋಡುತ್ತಿದ್ದೆ ಎಂಬುದನ್ನೂ ಹೇಳಬೇಕು, ಎಲ್ಲ ಕೆಟ್ಟದ್ದು ಅಲ್ಲೇ. ದೊಡ್ಡ ಅಕ್ಷರ ಓದುತ್ತೇನೆ. ಅದರ ಕೆಳಗಿನ ಮಧ್ಯದ ಅಕ್ಷರವನ್ನು ಬೆರಳಿಟ್ಟು ನಿಧಾನವಾಗಿ ಓದುತ್ತೇನೆ. ಇರುವೆಯಂಥ ಅಕ್ಷರಕ್ಕೆ ಕಣ್ಣು ಹೋಗುವುದಿಲ್ಲ, ಹೋದರೂ ನಾಲ್ಕು ಸಾಲಿಗೆ ತಲೆ ನೋಯುತ್ತದೆ. ಮೊದಲ ಪುಟ, ಊರಿನ ಸುದ್ದಿಯ ಪುಟ, ಕೊನೆಯ ಪುಟ. ನಡುವೆ ಗೆರೆ ಎಳೆದ ಚೌಕಗಳು ಇರುತ್ತವಲ್ಲ, ಯಾರದೋ ಮಾರ್ಕ್ಸ್ ಕಾರ್ಡು ಕಳೆದಿದೆ, ಯಾರೋ ಹೆಸರು ಬದಲಾಯಿಸಿಕೊಂಡ, ಚರಂಡಿ ಕೆಲಸಕ್ಕೆ ಟೆಂಡರು, ಅವುಗಳನ್ನು ನಾನು ಯಾವತ್ತೂ ಓದಿದವಳಲ್ಲ. ಅದರಿಂದ ನಮಗೇನು?

ಗಣಿ ಇದ್ದಾಗ ನಾವು ಕಂಡ ರೀತಿ ಬೇರೆ. ಏನಾದರೂ ಹೇಳುವುದಿದ್ದರೆ ಶಿಫ್ಟು ಬದಲಾಗುವ ಹೊತ್ತಿಗೆ ಒಬ್ಬ ಗುಮಾಸ್ತ ಬೆಂಚಿನ ಮೇಲೆ ನಿಂತು ಕಾಗದ ಹಿಡಿದು ಕೂಗುತ್ತಿದ್ದ. ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ನೀರು ಬರುವ ಹೊತ್ತು ಬದಲಾದರೂ ಕೂಗುತ್ತಿದ್ದ. ಹಾಗಿರುವಾಗ ಇಷ್ಟು ಮನೆಗಳ ವಿಷಯ, ಇಷ್ಟು ವರ್ಷ ಕಾದ ವಿಷಯ, ಬಂದರೆ ಮೊದಲ ಪುಟದಲ್ಲಿ, ಫೋಟೋ ಹಾಕಿ, ಬೆರಳುದ್ದದ ಅಕ್ಷರದಲ್ಲಿ ಬರುತ್ತದೆ ಎಂದುಕೊಂಡಿದ್ದೆ. ನಾನೊಬ್ಬಳೇ ಅಲ್ಲ, ಲೈನಿನಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು.

ಒಂದು ದಿನ ಕಾಮಸಮುದ್ರದ ಕಡೆ ಆನೆಗಳು ಬಂದ ಸುದ್ದಿ ಇತ್ತು. ಫೋಟೋ ಹಾಕಿದ್ದರು, ಟೊಮೇಟೊ ತೋಟದ ನಡುವೆ ಮರಿಯೂ ಸೇರಿ ಐದು ಆನೆ. ಅದನ್ನು ನಾನು ಪೂರ್ತಿ ಓದಿದೆ. ಟೀ ಅಂಗಡಿಯಲ್ಲಿ ಮೇಸ್ತ್ರಿಯ ತಮಿಳು ಪೇಪರಿನಲ್ಲಿ ಅದು ಇರಲಿಲ್ಲ, ಹಾಗಾಗಿ ಅವತ್ತು ಎಲ್ಲರೂ ನನ್ನ ಸುತ್ತ ಕೂತರು. ಎರಡು ಸಲ ಓದಿಸಿದರು. ನಾನೂ ಗಂಟಲು ಸರಿಮಾಡಿಕೊಂಡು ಓದಿದೆ. ಮಧ್ಯಾಹ್ನ ಪಕ್ಕದವಳು ಜೋಲಾರ್‌ಪೇಟೆಯಿಂದ ಫೋನು ಮಾಡಿದಳು. ಆನೆಯ ಕಥೆಯನ್ನೆಲ್ಲ ಅವಳಿಗೂ ಹೇಳಿದೆ.

"ಮನೆ ವಿಷಯ?" ಎಂದಳು.

"ಏನೂ ಇಲ್ಲ ಕಣೇ. ಪೂರಾ ನೋಡ್ದೆ."

ಹೀಗೆ ಒಂದು ತಿಂಗಳು ಹೋಯಿತು. ಒಂದು ಬೆಳಿಗ್ಗೆ ನನ್ನ ಸೊಸೆ ಎಂದಿನಂತೆ ಕತ್ತಲಲ್ಲೇ ರೈಲಿಗೆ ಹೋದವಳು ಎಂಟು ಗಂಟೆಗೆಲ್ಲ ವಾಪಸು ಬಂದಳು. ಅವಳು ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಒಂದು ದಿನ ತಪ್ಪಿಸುವವಳಲ್ಲ. ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ,

"ಅತ್ತೆ, ಮಾವನ ಸರ್ವೀಸು ಕಾಗದ ಎಲ್ಲೈತೆ? ಬೇಗ ತೆಗೀರಿ," ಎಂದಳು.

"ಯಾಕಮ್ಮಾ? ಏನಾಯ್ತು?"

"ರೈಲಲ್ಲಿ ಮಾತಾಡ್ಕತಿದ್ರು. ಮನೇಗೆ ಅರ್ಜಿ ಕೊಡಾಕೆ ಇವತ್ತೇ ಕೊನೆ ದಿನ ಅಂತೆ. ಸಾಯಂಕಾಲ ಐದಕ್ಕೆ ಮುಚ್ತಾರಂತೆ. ಪೇಪರಲ್ಲಿ ಬಂದು ತಿಂಗಳಾಯ್ತಂತೆ. ಬಂಗಾರಪೇಟೇಲೇ ಇಳಿದು ಓಡಿ ಬಂದೆ. ನೀವು ದಿನಾ ಪೇಪರು ಇಟ್ಕೊಂಡು ಕುಂತ್ಕತೀರಲ್ಲ, ಏನ್ ನೋಡ್ತೀರಿ ಅದ್ರಾಗೆ?"

ಕಾಗದ ತೆಗೆದುಕೊಟ್ಟೆ. ಇಬ್ಬರೂ ಅರ್ಜಿ ತೆಗೆದುಕೊಳ್ಳುವ ಆಫೀಸಿಗೆ ಹೋದೆವು. ಕ್ಯೂ ಇತ್ತು. ಲೈನಿನ ಎಷ್ಟೋ ಜನ ಮೊದಲೇ ಕೊಟ್ಟು ಮುಗಿಸಿದ್ದರಂತೆ. ಅವರ ಮಕ್ಕಳಿಗೆ ಫೋನಿನಲ್ಲಿ ಬಂದಿತ್ತಂತೆ. ಯಾರೂ ಯಾರಿಗೂ ಬಚ್ಚಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಪೇಪರು ಓದುವವಳಾದ ನನಗೆ ಗೊತ್ತಿಲ್ಲದಿರುತ್ತದೆಯೇ ಎಂದುಕೊಂಡಿದ್ದರು.

ಕ್ಯೂನಲ್ಲಿ ನಿಂತೇ ಪಕ್ಕದವಳಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆಮೇಲೆ ತಿಳಿಯಿತು, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳಂತೆ, ಫೋನು ಒಳಗೆಲ್ಲೋ ಇತ್ತಂತೆ. ಹನ್ನೊಂದೂವರೆಗೆ ಎತ್ತಿದಳು. ಹೇಳಿದೆ.

"ಇವತ್ತೇನಾ ಅಕ್ಕಾ?"

"ಇವತ್ತೇ. ಐದು ಗಂಟೆ."

"ಅವರ ಕಾಗದ ಎಲ್ಲ ಟ್ರಂಕಿನಲ್ಲಿದೆ. ಟ್ರಂಕಿನ ಬೀಗದ ಕೈ ನನ್ನ ಸೊಂಟದಲ್ಲಿದೆ." ಹಿಂದೆಯೇ, "ಒಡೆದುಬಿಡು ಅಕ್ಕಾ. ಒಡೆದು ಕಾಗದ ತೆಗೆದುಕೊಂಡು ಹೋಗಿ ಕೊಡು. ನಾನು ರೈಲು ಹತ್ತುತ್ತೇನೆ," ಎಂದಳು.

ಸೊಸೆಯನ್ನು ಕ್ಯೂನಲ್ಲಿ ಬಿಟ್ಟು ಆಟೋ ಹಿಡಿದು ಬಂದೆ. ಅವಳ ಮನೆ ತೆಗೆದು ಗುಂಡುಕಲ್ಲಿನಿಂದ ಟ್ರಂಕಿನ ಬೀಗಕ್ಕೆ ಬಡಿದೆ. ಬೀಗ ಒಡೆಯಲಿಲ್ಲ, ಕೊಂಡಿಯೇ ಕಿತ್ತು ಬಂತು. ಒಳಗೆ ಮದುವೆ ಸೀರೆ, ಅವಳ ಗಂಡನ ಟೋಪಿ, ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದದ ಕಟ್ಟು. ಬಿಚ್ಚಿದೆ. ಕೆಲವು ಇಂಗ್ಲಿಷು, ಕೆಲವು ತಮಿಳು. ಕನ್ನಡದ್ದು ಒಂದು ರೇಷನ್ ಕಾರ್ಡು, ಅದು ಬೇಕಾಗಿರಲಿಲ್ಲ. ಯಾವುದು ಸರ್ವೀಸು ಕಾಗದ, ಯಾವುದು ಆಸ್ಪತ್ರೆ ಚೀಟಿ, ಯಾವುದು ಮಗಳ ಮದುವೆ ಪತ್ರಿಕೆ, ನನಗೆ ಒಂದೂ ತಿಳಿಯಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಬೆವರಿಗೆ ಕಾಗದ ಕೈಗೆ ಅಂಟಿಕೊಂಡಿತು. ಕಟ್ಟನ್ನು ಹಾಗೇ ಸೆರಗಿಗೆ ಕಟ್ಟಿಕೊಂಡು ಓಡಿದೆ.

ಕಿಟಕಿಯ ಹಿಂದೆ ಇದ್ದವನು ಚಿಕ್ಕ ವಯಸ್ಸಿನವನು. ಒಳ್ಳೆಯವನೇ. ಕಟ್ಟು ಬಿಚ್ಚಿ ತಾನೇ ಬೇಕಾದ ಕಾಗದ ಹುಡುಕಿ ತೆಗೆದ.

"ಎಲ್ಲಾ ಸರಿ ಇದೆ ಅಜ್ಜಿ. ನೀವೇನಾ ಅವರ ಹೆಂಡ್ತಿ?"

"ಅಲ್ಲ. ಪಕ್ಕದ ಮನೆಯೋಳು. ಅವ್ಳು ರೈಲಲ್ಲಿ ಬತ್ತಾವ್ಳೆ."

"ಅವರೇ ಬಂದು ನನ್ನ ಮುಂದೆ ಸಹಿ ಹಾಕ್ಬೇಕು. ಹೆಬ್ಬೆಟ್ಟಾದ್ರೂ ಅವರದೇ ಆಗ್ಬೇಕು. ಐದರೊಳಗೆ ಬಂದ್ರೆ ನಾನೇ ಮಾಡ್ಕೊಡ್ತೀನಿ."

ನಮ್ಮ ಅರ್ಜಿಗೆ ಅವನ ಮುಂದೆಯೇ ಸಹಿ ಹಾಕಿ, ನಾನು ಕಾಂಪೌಂಡಿನ ಕಲ್ಲಿನ ಮೇಲೆ ಕೂತೆ. ಅವಳಿಗೆ ರೈಲು ಸಿಕ್ಕಿದ್ದೇ ಎರಡು ಗಂಟೆಯ ಮೇಲೆ. ಕುಪ್ಪಂ ಬಂತು ಅಕ್ಕಾ ಎಂದು ಫೋನು ಮಾಡಿದಳು. ಅಲ್ಲೇ ನಿಲ್ಲಿಸಿದ್ದಾರೆ, ಇನ್ನೊಂದು ರೈಲಿಗೆ ದಾರಿ ಬಿಡುತ್ತಿದ್ದಾರಂತೆ ಎಂದು ಮತ್ತೆ ಮಾಡಿದಳು. ಜೋಲಾರ್‌ಪೇಟೆ ತಮಿಳುನಾಡು, ಕುಪ್ಪಂ ಆಂಧ್ರ, ಇಲ್ಲಿ ಕರ್ನಾಟಕ, ರೈಲಿಗೆ ಇದೆಲ್ಲ ಒಂದು ಕೈಯಳತೆಯ ದಾರಿ. ಆಮೇಲೆ ಸಿಗ್ನಲ್ಲು ಹೋಯಿತು. ಸೊಸೆ ನಮ್ಮ ಅರ್ಜಿಗೆ ಮುದ್ರೆ ಒತ್ತಿಸಿಕೊಂಡು ಬಂದು ನನ್ನ ಪಕ್ಕ ಕೂತಳು. ರಸೀತಿಯನ್ನು ನನಗೆ ತೋರಿಸಲು ಬಂದವಳು ನನ್ನ ಮುಖ ನೋಡಿ ಬ್ಯಾಗಿಗೆ ಹಾಕಿಕೊಂಡಳು.

ಐದಕ್ಕೆ ಐದು ನಿಮಿಷ ಇರುವಾಗ ಕಿಟಕಿಯವನು ಹೊರಗೆ ತಲೆ ಹಾಕಿ, "ಬಂದ್ರಾ ಅಜ್ಜಿ?" ಎಂದ. ಐದೂಕಾಲರ ತನಕ ಕಾದ. ಒಳಗಿನಿಂದ ಯಾರೋ ಕರೆದರು, ಮುಚ್ಚಿದ.

ಅವಳು ಬಂದದ್ದು ಆರಕ್ಕೆ ಹತ್ತು ನಿಮಿಷ ಇರುವಾಗ. ಕೈಯಲ್ಲಿ ಮಗುವಿನ ಎಣ್ಣೆಯ ವಾಸನೆ ಹಾಗೇ ಇತ್ತು. ಮುಚ್ಚಿದ ಕಿಟಕಿಯನ್ನು ನೋಡಿದಳು. ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಅಂದು ಮುಗಿಸುತ್ತಿದ್ದೆ. ಅವಳು ಬೈಯಲಿಲ್ಲ. "ಟ್ರಂಕು ಪೂರಾ ಒಡೆದುಹೋಯಿತಾ?" ಎಂದು ಕೇಳಿದಳು.

ಮಾರನೆಯ ದಿನ ಇಬ್ಬರೂ ಒಳಗೆ ಹೋದೆವು. ಅದೇ ಹುಡುಗ.

"ನಿನ್ನೆಗೆ ಮುಗೀತಜ್ಜಿ. ಇವತ್ತು ತಗೊಂಡ್ರೆ ನನ್ನ ಕೆಲಸ ಹೋಗ್ತದೆ."

"ಯಾರಿಗೂ ಯೋಳ್ದೆ ಮುಗಿಸ್ಬುಟ್ರೆ ಎಂಗಪ್ಪಾ?" ಎಂದೆ ನಾನು. "ಒಂದು ಆಟೋಗೆ ಮೈಕು ಕಟ್ಟಿ ಲೈನಾಗೆ ಒಂದು ಸುತ್ತು ಕೂಗ್ಸಿದ್ರೆ ಆಗ್ತಿರ್ಲಿಲ್ವಾ?"

"ಪೇಪರಲ್ಲಿ ಹಾಕಿದೀವಲ್ಲಜ್ಜಿ. ಒಂದಲ್ಲ, ಎರಡು ಭಾಷೇಲಿ ಹಾಕಿದೀವಿ. ಕನ್ನಡದಲ್ಲೂ ಹಾಕಿದೀವಿ, ಇಂಗ್ಲಿಷಲ್ಲೂ ಹಾಕಿದೀವಿ."

"ನಮ್ಮ ಲೈನಾಗೆ ಓದೋದು ತಮಿಳು."

"ಅದು ನಮ್ಮ ರೂಲ್ಸಲ್ಲಿ ಇಲ್ಲ," ಎಂದು ಅವನು ಒಂದು ಫೈಲು ತೆಗೆದು ತೋರಿಸಿದ. ಪೇಪರಿನಿಂದ ಪುಟವನ್ನೇ ಕತ್ತರಿಸಿ ಇಟ್ಟಿದ್ದರು. ಎಂಟನೇ ಪುಟ. ಒಂದು ಚೌಕ. ಮೇಲೆ ಚರಂಡಿ ಪೈಪಿನ ಟೆಂಡರು, ಕೆಳಗೆ ಯಾರೋ ಹೆಸರು ಬದಲಾಯಿಸಿಕೊಂಡ ಸುದ್ದಿ. ನಡುವೆ ನಮ್ಮ ಮನೆಗಳು, ಇರುವೆ ಅಕ್ಷರದಲ್ಲಿ. ತಾರೀಖು ಯಾವುದೆಂದು ಕೇಳಿದೆ, ಹೇಳಿದ. ಮನಸ್ಸಿನಲ್ಲಿ ದಿನ ಎಣಿಸಿದೆ. ಆನೆಯ ದಿನ. ಪಕ್ಕದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳೂ ಎಣಿಸಿದಳೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಲಿಲ್ಲ. ಇವತ್ತಿನ ತನಕ ಹೇಳಿಲ್ಲ. ಇದನ್ನು ಅವಳು ಓದಲಾರಳು ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

"ಒಂದು ಮನವಿ ಬರ್ದು ಕೊಡಿ," ಎಂದ ಹುಡುಗ. "ಸಾಹೇಬ್ರ ಮುಂದೆ ಇಡ್ತೀನಿ. ಕನ್ನಡದಲ್ಲಾದ್ರೂ ಸರಿ, ಇಂಗ್ಲಿಷಲ್ಲಾದ್ರೂ ಸರಿ."

ಹೊರಗೆ ಅರ್ಜಿ ಬರೆಯುವವನು ಅವತ್ತು ಬಂದಿರಲಿಲ್ಲ. ನಾನೇ ಬರೆದೆ. ಬಾಣಂತನಕ್ಕೆ ಹೋಗಿದ್ದಳು, ಕನ್ನಡ ಓದಲು ಬರುವುದಿಲ್ಲ, ಗಂಡ ಇಷ್ಟು ವರ್ಷ ಗಣಿಯಲ್ಲಿ ದುಡಿದವನು, ದಯವಿಟ್ಟು ತೆಗೆದುಕೊಳ್ಳಬೇಕು. ಮೂರು ಸಾಲಿನ ಮಾತಿಗೆ ಒಂದು ಪುಟ ಹಿಡಿಯಿತು. ಪೇಪರಲ್ಲಿ ಓದದೆ ಬಿಟ್ಟವಳು ನಾನು ಎಂದೂ ಒಂದು ಸಾಲು ಬರೆದೆ. ಹುಡುಗ ಓದಿ, "ಇದು ಬೇಡಜ್ಜಿ, ಇದಕ್ಕೂ ಅರ್ಜಿಗೂ ಸಂಬಂಧ ಇಲ್ಲ," ಎಂದು ಅದರ ಮೇಲೆ ಗೆರೆ ಎಳೆದ. ಅವಳು ತಮಿಳಿನಲ್ಲಿ ಸಹಿ ಹಾಕಿದಳು.

ಅವಳು ಜೋಲಾರ್‌ಪೇಟೆಗೆ ವಾಪಸು ಹೋಗಲಿಲ್ಲ. ಬಾಣಂತಿಯನ್ನು ಬಿಟ್ಟು ಬಂದೆಯಲ್ಲ ಎಂದು ಮಗಳು ಫೋನಿನಲ್ಲಿ ಕೂಗಾಡುವುದು ನನಗೂ ಕೇಳಿಸುತ್ತಿತ್ತು. ಅವಳಿಗೆ ಮನೆ ಬಿಟ್ಟು ಹೋದರೆ ಇನ್ನೇನು ಬರುತ್ತದೋ ಎಂಬ ಭಯ. ನಾನು ಪೇಪರು ತಂದು ಎಂಟನೇ ಪುಟ, ಒಂಬತ್ತನೇ ಪುಟ, ಎಲ್ಲ ಚೌಕಗಳನ್ನೂ ಓದಲು ಶುರುಮಾಡಿದೆ. ಸೊಸೆ ಒಂದು ಭೂತಗನ್ನಡಿ ತಂದುಕೊಟ್ಟಳು. ಯಾವ ಊರಿನ ಯಾವನು ಹೆಸರು ಬದಲಾಯಿಸಿಕೊಂಡರೂ ನನಗೆ ಗೊತ್ತು. ಪಕ್ಕದವಳು ಎದುರಿಗೆ ಕೂತು ನನ್ನ ಬೆರಳು ಹೋಗುವುದನ್ನೇ ನೋಡುತ್ತಿದ್ದಳು. ಮುಗಿಯಿತು ಎಂದರೆ ಎದ್ದು ಹೋಗುತ್ತಿದ್ದಳು. ಟೀವಿ ಹಾಕುವುದನ್ನು ಬಿಟ್ಟಳು. "ಅವರಿಗೆ ನಾವಿರುವುದು ಗೊತ್ತಾ?" ಎಂದು ಒಂದೇ ಸಲ ಕೇಳಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಮನೆ ಸಿಕ್ಕವರ ಪಟ್ಟಿ ಹಾಕಿದರು. ಆಫೀಸಿನ ಗೋಡೆಗೆ ಉದ್ದಕ್ಕೂ ಅಂಟಿಸಿದ್ದರು. ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷು. ಈ ಸಲ ಸುದ್ದಿ ಬಾಯಿಂದ ಬಾಯಿಗೆ ಬಂತು, ಲೈನಿಗೆ ಲೈನೇ ಹೊರಟಿತು. ನಾವೂ ಹೋದೆವು. ಅವಳು ಗೋಡೆಯ ಹತ್ತಿರ ಬರಲಿಲ್ಲ. ಎದುರಿನ ಹೊಂಗೆ ಮರದ ಬುಡದಲ್ಲಿ ಚೀಲ ಹಿಡಿದು ಕೂತಳು. "ನೀನು ನೋಡಿ ಬಾ," ಎಂದಳು.

ಗೋಡೆಯ ಹತ್ತಿರ ಮುದುಕ ಮುದುಕಿಯರೇ ತುಂಬಿದ್ದರು. ನಾನು ಬೆರಳಿಟ್ಟು ಓದುವುದನ್ನು ಕಂಡು ಒಬ್ಬಳು ನನ್ನದೂ ನೋಡಮ್ಮಾ ಎಂದಳು, ನಂಬರು ಹೇಳಿದಳು. ಇತ್ತು. ಮೇಸ್ತ್ರಿ ಬಂದ, ದಿನಾ ತಮಿಳು ಪೇಪರು ಓದುವವನು, ತನ್ನ ನಂಬರು ಹೇಳಿ ಕೈಕಟ್ಟಿ ನಿಂತ. ಇತ್ತು. "ಇದೆಯಾ? ಸರಿಯಾಗಿ ನೋಡಿದೆಯಾ?" ಎಂದು ನನ್ನ ಕೈ ಹಿಡಿದುಕೊಂಡ. ನಮ್ಮ ಮನೆಯ ನಂಬರೂ ಇತ್ತು. ಅದರ ಮುಂದೆ ನನ್ನ ಪೂರಾ ಹೆಸರು, ಗಂಡನ ಹೆಸರು ಸೇರಿಸಿ. ಅದರ ಕೆಳಗೆ ಒಂದು ನಂಬರು ಬಿಟ್ಟು ಮುಂದಿನದು.

ಮೇಲಿನಿಂದ ಕೆಳಗಿನ ತನಕ ಮತ್ತೆ ಓದಿದೆ. ಬೇರೆ ಲೈನಿನ ಪಟ್ಟಿಯಲ್ಲಿ ತಪ್ಪಿ ಸೇರಿದೆಯೇನೋ ಎಂದು ಅದನ್ನೂ ಓದಿದೆ. ಮನವಿ ಕೊಟ್ಟವರದು ಬೇರೆ ಹಾಕಿದ್ದೀರಾ ಎಂದು ಕಿಟಕಿಯ ಹುಡುಗನನ್ನು ಕೇಳಲು ಹೋದೆ. ಆ ಹುಡುಗ ಇರಲಿಲ್ಲ, ಬೇರೆ ಊರಿಗೆ ಹಾಕಿದ್ದರಂತೆ. ಅಲ್ಲಿದ್ದ ಹೆಂಗಸು ಗೋಡೆಯ ಮೇಲೆ ಇರುವುದೇ ಪೂರ್ತಿ ಎಂದಳು.

ಮರದ ಹತ್ತಿರ ಹೋಗಿ ಇಲ್ಲ ಎಂದೆ.

"ಇನ್ನೊಂದು ಸಲ ನೋಡು ಅಕ್ಕಾ. ಚಿಕ್ಕ ಅಕ್ಷರ ಇರುತ್ತದಲ್ಲ."

ಹೋದೆ. ಭೂತಗನ್ನಡಿ ಹಿಡಿದು ಓದಿದೆ. ಬಂದು ಇಲ್ಲ ಎಂದೆ.

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಚೀಲದ ಬಾಯನ್ನು ಒಂದು ಸಲ ತೆರೆದಳು, ಮುಚ್ಚಿದಳು. "ನಿನಗೆ ಕೋಪ ಬರದಿದ್ದರೆ ಇನ್ನೊಂದೇ ಒಂದು ಸಲ," ಎಂದಳು.

ಕೋಪ ಬರಲಿಲ್ಲ. ಮೂರನೆಯ ಸಲ ಗೋಡೆಯ ಹತ್ತಿರ ಹೋಗಿ ನಿಂತೆ. ಓದಲಿಲ್ಲ. ಅಷ್ಟೂ ಹೆಸರು ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಭೂತಗನ್ನಡಿಯನ್ನು ಗೋಡೆಗೆ ಹಿಡಿದು, ಅವಳಿಗೆ ಬೆನ್ನು ಮಾಡಿ ನಿಂತಿದ್ದೆ. ಆಮೇಲೆ ತಿರುಗಿ ಬಂದೆ.